ಪಿಕಪ್‌ನಲ್ಲಿ ಇನ್ವರ್ಟರ್: ಕುಂಯ್ ಅನ್ನುತ್ತದೆ, ಗ್ರೈಂಡರ್ ತಿರುಗುವುದಿಲ್ಲ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಅವರಿಗೆ ರಜೆ, ನಮಗೆ ಸುಗ್ಗಿ. ರೇಲಿಂಗ್ ಬದಲಿಸಬೇಕು, ತುಕ್ಕು ತಿಂದ ಪ್ಲೇಟ್ ಕತ್ತರಿಸಬೇಕು, ತೂತು ಕೊರೆಯಬೇಕು. ಕೆಲಸ ಬೇಕಾದಷ್ಟು ಉಂಟು, ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಜನರೇಟರ್ ಬಾಡಿಗೆಗೆ ತಂದರೆ ದಿನದ ಲಾಭ ಅದಕ್ಕೇ ಹೋಗುತ್ತದೆ. ಹಾಗಾಗಿ ನನ್ನ ಪಿಕಪ್‌ಗೆ ಬ್ಯಾಟರಿಯಿಂದ 230 ವೋಲ್ಟ್ ಕೊಡುವ ಇನ್ವರ್ಟರ್ ಕೂರಿಸಿದೆ. ನಾಲ್ಕು ಇಂಚಿನ ಗ್ರೈಂಡರ್, ಒಂದು ಡ್ರಿಲ್ ನಡೆದರೆ ನನಗೆ ಸಾಕಿತ್ತು.

ಗಾಡಿ 12 ವೋಲ್ಟಿನದ್ದು. ಇನ್ವರ್ಟರ್ 1500 ವ್ಯಾಟ್, ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನಂಥ ನಯವಾದ ಅಲೆ ಕೊಡುವುದು. ಹಿಂದಿನ ಬಾಡಿಯಲ್ಲಿ ಕ್ಯಾಬಿನ್‌ಗೆ ತಾಗಿಕೊಂಡು ಒಂದು ಟೂಲ್ ಪೆಟ್ಟಿಗೆ, ಅದರೊಳಗೆ ಇದು. ಬಾನೆಟ್ ಒಳಗಿನ ಬ್ಯಾಟರಿಯಿಂದ ಅಲ್ಲಿಗೆ 25 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ಕೇಬಲ್, 4 ಮೀಟರ್. ಬ್ಯಾಟರಿಯ ಪಕ್ಕದಲ್ಲೇ 150 ಆಂಪ್ ಫ್ಯೂಸ್. ನೆಗೆಟಿವ್‌ಗೆ ಮಾತ್ರ ಇನ್ನೊಂದು ಕೇಬಲ್ ಎಳೆಯಲಿಲ್ಲ. ಬಾಡಿಯೇ ಅರ್ತ್ ಅಲ್ವಾ ಎಂದು ಅಲ್ಲೇ ಬಾಡಿಯ ಒಂದು ಬೋಲ್ಟಿಗೆ ಕಟ್ಟಿದೆ.

ಮೊದಲ ಎರಡು ವಾರ ಎಲ್ಲ ಚೆನ್ನಾಗಿತ್ತು. ಮಳೆ ಜೋರಾದ ಮೇಲೆ ಶುರುವಾಯಿತು ತಾಪತ್ರಯ. ಗ್ರೈಂಡರ್ ಸ್ವಿಚ್ ಒತ್ತಿದರೆ ಒಮ್ಮೆ ಗುರ್ ಎಂದು ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಇನ್ವರ್ಟರ್ ಕುಂಯ್ ಎನ್ನುತ್ತಿತ್ತು, ಕೆಂಪು ದೀಪ ಬರುತ್ತಿತ್ತು. "ಬ್ಯಾಟರಿ ಹೋಯ್ತಣ್ಣ" ಎಂದ ಜೊತೆಗಿದ್ದ ಹುಡುಗ. ನನಗೂ ಹಾಗೇ ಅನಿಸಿತು. ಅಳೆದು ನೋಡದೆ ಹೊಸ ಬ್ಯಾಟರಿ ತಂದೆ, ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅದೇ ಬೋಟು, ಅದೇ ಗ್ರೈಂಡರ್, ಅದೇ ಕುಂಯ್. ಹುಡುಗ ಏನೂ ಹೇಳಲಿಲ್ಲ, ಚಾ ತರಲು ಹೋದ.

ಆ ತಪ್ಪು ಮಾಡಿದ ಮೇಲೆ ನಾನು ಹಿಡಿದ ಕ್ರಮ ಇದು.

ಕುಂಯ್ ಅನ್ನುವುದು ಯಾಕೆ

ಇನ್ವರ್ಟರ್‌ಗೆ ಬ್ಯಾಟರಿಯ ಸ್ಥಿತಿ ಗೊತ್ತಿಲ್ಲ. ತನ್ನ ಎರಡು ಟರ್ಮಿನಲ್‌ಗಳಿಗೆ ಬಂದು ತಲುಪುವ ವೋಲ್ಟ್ ಮಾತ್ರ ಅದಕ್ಕೆ ಗೊತ್ತು. ಸಾಮಾನ್ಯವಾಗಿ 12 ವೋಲ್ಟಿನ ಇನ್ವರ್ಟರ್‌ಗಳು 11ರ ಆಸುಪಾಸಿಗೆ ಇಳಿದಾಗ ಕೂಗುತ್ತವೆ, 10.5ರ ಆಸುಪಾಸಿನಲ್ಲಿ ಆಫ್ ಆಗುತ್ತವೆ. ನಿಮ್ಮದರ ಅಂಕಿ ಅದರ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಬ್ಯಾಟರಿ ಗಟ್ಟಿ ಇದ್ದರೂ ದಾರಿಯಲ್ಲಿ ಒಂದೂವರೆ ವೋಲ್ಟ್ ಸೋರಿಹೋದರೆ ಇನ್ವರ್ಟರ್ ಪಾಲಿಗೆ ಬ್ಯಾಟರಿ ಸತ್ತ ಹಾಗೆಯೇ.

ದಾರಿಯಲ್ಲಿ ಅಷ್ಟು ಸೋರುವುದು ಹೇಗೆ? ಒಂದು ಸಣ್ಣ ಲೆಕ್ಕ ಹಾಕಿ. ನನ್ನ ಗ್ರೈಂಡರ್ 850 ವ್ಯಾಟ್. ಮನೆಯ 230 ವೋಲ್ಟಿನಲ್ಲಿ ಅದು ಎಳೆಯುವುದು 4 ಆಂಪ್‌ಗಿಂತ ಕಡಿಮೆ. ಅದೇ ಕೆಲಸ 12 ವೋಲ್ಟಿನಿಂದ ಆಗಬೇಕಾದರೆ, ಇನ್ವರ್ಟರ್ ಒಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ, ಸುಮಾರು 80 ಆಂಪ್. ಅದೂ ತಿರುಗಲು ಶುರುವಾದ ಮೇಲೆ. ಸ್ವಿಚ್ ಒತ್ತಿದ ಆ ಅರ್ಧ ಸೆಕೆಂಡಿನಲ್ಲಿ ಎರಡು-ಮೂರು ಪಟ್ಟು, ಅಂದರೆ 200 ಆಂಪ್‌ನ ಹತ್ತಿರ. ಮನೆ ವೈರಿಂಗ್‌ನಲ್ಲಿ ಗಮನಕ್ಕೇ ಬಾರದ ಒಂದು ಸಡಿಲ ಜಾಯಿಂಟ್ ಇಲ್ಲಿ ಇಡೀ ಕೆಲಸವನ್ನು ನಿಲ್ಲಿಸುತ್ತದೆ.

ಸುಮ್ನೆ ನಿಂತಿರುವಾಗ ಅಳೆಯಬೇಡಿ

ನಾನು ಮೊದಲು ಮೀಟರ್ ಹಿಡಿದಾಗ ಎಲ್ಲ ಕಡೆ 12.6 ತೋರಿಸಿತು. ಬ್ಯಾಟರಿಯಲ್ಲಿ 12.6, ಇನ್ವರ್ಟರ್‌ನಲ್ಲೂ 12.6. ದೋಷವೇ ಇಲ್ಲ! ಗ್ರೈಂಡರ್ ಆಫ್ ಇದ್ದಾಗ ಕರೆಂಟ್ ಹರಿಯುವುದಿಲ್ಲ, ಕರೆಂಟ್ ಹರಿಯದೆ ವೋಲ್ಟ್ ಬೀಳುವುದಿಲ್ಲ. ಟ್ಯಾಂಕಿನ ಪೈಪ್ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಸರಿಯಾಗಿಯೇ ಇರುತ್ತದಲ್ಲ, ಹಾಗೆ. ನಲ್ಲಿ ತಿರುಗಿಸಿದಾಗಲೇ ಬಂಡವಾಳ ಗೊತ್ತಾಗುವುದು.

ಗ್ರೈಂಡರ್ ಹಾಕಿ ಅಳೆಯೋಣವೆಂದರೆ ಅರ್ಧ ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ, ಮೀಟರ್‌ಗೆ ಅಂಕಿ ಹಿಡಿಯಲು ಪುರುಸೊತ್ತಿಲ್ಲ. ಅದಕ್ಕೆ ನಾನು ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದೆ. 750 ವ್ಯಾಟಿನ ಹಳೇ ಪೆಟ್ಟಿಗೆ. ಅದರಲ್ಲಿ ಮೋಟಾರ್ ಇಲ್ಲ, ಬರೀ ಕಾಯಿಲ್. ಶುರುವಿನ ಎಳೆತ ಇಲ್ಲದೆ ಒಂದೇ ಸಮನೆ ಕರೆಂಟ್ ತೆಗೆದುಕೊಳ್ಳುತ್ತದೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಕಲ್ಲಿನ ಮೇಲೆ ಇಡಿ, ಬಿಸಿಯಾಗಿ ಟಕ್ ಎಂದು ಆಫ್ ಆಗುವ ಮೊದಲು ಅಳತೆ ಮುಗಿಸಿ. ಮನೆಯಲ್ಲಿ ಕೇಳಿ ತಂದರೆ ಒಳ್ಳೆಯದು.

ಈ ಒಂದು ಪರೀಕ್ಷೆಯಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಕೂಗಿಲ್ಲದೆ ನಡೆದು, ಅಷ್ಟೇ ವ್ಯಾಟಿನ ಗ್ರೈಂಡರ್ ನಡೆಯದಿದ್ದರೆ ಶುರುವಿನ ಎಳೆತವನ್ನು ತಡೆಯಲು ಆಗುತ್ತಿಲ್ಲ ಎಂದರ್ಥ. ಇಸ್ತ್ರಿಗೂ ಕೂಗಿದರೆ ದಾರಿಯಲ್ಲೋ ಬ್ಯಾಟರಿಯಲ್ಲೋ ಗಟ್ಟಿ ದೋಷ ಉಂಟು. ನನ್ನದು ಇಸ್ತ್ರಿಗೂ ಕೂಗಿತು, ಆದರೆ ಆಫ್ ಆಗಲಿಲ್ಲ. ಅಳೆಯುವವನಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಬೇರೆ ಇಲ್ಲ.

ನಾಲ್ಕು ಅಳತೆ

ಎಂಜಿನ್ ಆಫ್, ಇಸ್ತ್ರಿ ಆನ್, ಮೀಟರ್ ಡಿಸಿ 20 ವೋಲ್ಟಿನಲ್ಲಿ. ಈ ಕೆಲಸಕ್ಕೆ ಅಗ್ಗದ ಮೀಟರ್ ಸಾಕು. (ಕೇಬಲ್ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಇದ್ದವರು ಒಂದು ನೆನಪಿಡಿ: ಎಸಿ ಮಾತ್ರ ಅಳೆಯುವ ಕ್ಲಾಂಪ್ ಬ್ಯಾಟರಿ ಕೇಬಲ್‌ಗೆ ಹಾಕಿದರೆ ನಿಜವಾದ ಕರೆಂಟ್ ತೋರಿಸುವುದಿಲ್ಲ. ಡಿಸಿ ಅಳೆಯುವ ಕ್ಲಾಂಪೇ ಬೇಕು.)

ಮೊದಲು ಬ್ಯಾಟರಿಯ ಎರಡು ಸೀಸದ ಗೂಟಗಳಿಗೆ ನೇರವಾಗಿ ಪ್ರೋಬ್ ಇಟ್ಟೆ. ಗೂಟಕ್ಕೆ ಕೇಬಲ್ ಬಿಗಿಯುವ ಕ್ಲಾಂಪಿಗೆ ಅಲ್ಲ, ಸೀಸಕ್ಕೇ ತಾಗಬೇಕು. ಯಾಕೆಂದರೆ ಕ್ಲಾಂಪಿಗೂ ಗೂಟಕ್ಕೂ ನಡುವೆಯೇ ಕಿಲುಬು ಇರಬಹುದು, ಅದನ್ನು ಹಿಡಿಯುವುದೂ ನಮ್ಮ ಉದ್ದೇಶ. 11.9 ಬಂತು. ಆಮೇಲೆ ಇನ್ವರ್ಟರ್‌ನ ಎರಡು ಟರ್ಮಿನಲ್‌ಗಳ ನಡುವೆ: 10.6. ದಾರಿಯಲ್ಲಿ 1.3 ವೋಲ್ಟ್ ಮಾಯ. ಒಟ್ಟು ಅರ್ಧ ವೋಲ್ಟ್ ಹೋದರೆ ಸಹಿಸಬಹುದು, ಇದು ವಿಪರೀತ ಆಯಿತು.

ಮೂರನೆಯ ಅಳತೆಗೆ ಉದ್ದ ವೈರ್ ಬೇಕು. ಮೀಟರ್‌ನ ಒಂದು ಪ್ರೋಬ್‌ಗೆ ನಾಲ್ಕೈದು ಮೀಟರ್ ಸಾಧಾರಣ ವೈರ್ ಕಟ್ಟಿಕೊಳ್ಳಿ. ಮೀಟರ್‌ಗೆ ಹೋಗುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆ, ತೆಳು ವೈರ್ ಆದರೂ ಅಂಕಿ ತಪ್ಪುವುದಿಲ್ಲ. ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ ಒಂದು ತುದಿ, ಇನ್ವರ್ಟರ್‌ನ ಪಾಸಿಟಿವ್ ಟರ್ಮಿನಲ್‌ಗೆ ಇನ್ನೊಂದು. 0.3 ಬಂತು. ಫ್ಯೂಸ್, ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕಣ್ಣಿ), ಕೇಬಲ್ ಎಲ್ಲ ಸೇರಿ 0.3 ಅಂದರೆ ತಕರಾರಿಲ್ಲ. ನಾಲ್ಕನೆಯದು ನೆಗೆಟಿವ್ ಕಡೆ, ಅದೇ ರೀತಿ. ಮೀಟರ್ ಸರಿಯಾಗಿ 1.0 ತೋರಿಸಿತು.

ಕಳ್ಳ ಸಿಕ್ಕಿದ. 80 ಆಂಪ್‌ನಲ್ಲಿ 1 ವೋಲ್ಟ್ ಅಂದರೆ 80 ವ್ಯಾಟ್ ಸುಮ್ನೆ ಬಿಸಿಯಾಗುತ್ತಿದೆ. ಬಿಸಿ ಎಲ್ಲಿ ಎಂದು ಕೈಯಿಂದ ಹುಡುಕಿದೆ. ಬಾಡಿಯ ಬೋಲ್ಟ್ ಮುಟ್ಟಲು ಆಗದಷ್ಟು ಸುಡುತ್ತಿತ್ತು. ಗ್ರೈಂಡರ್‌ನ ಶುರುವಿನ 200 ಆಂಪ್‌ಗೆ ಅದೇ ಜಾಗದಲ್ಲಿ ಎರಡೂವರೆ ವೋಲ್ಟ್ ಹೋಗುತ್ತಿತ್ತು, ಇನ್ವರ್ಟರ್ ಕಣ್ಣು ಮುಚ್ಚದೆ ಇನ್ನೇನು ಮಾಡೀತು.

ಬೋಲ್ಟ್ ಬಿಚ್ಚಿದಾಗ

ನನ್ನ ಗಾಡಿ ಸೆಕೆಂಡ್ ಹ್ಯಾಂಡ್. ನನ್ನ ಕೈಗೆ ಬರುವ ಮೊದಲು ಅದು ಮೀನು ಸಾಗಿಸುತ್ತಿತ್ತು. ಮೀನಿನ ಗಾಡಿಯಿಂದ ರಸ್ತೆಗೆ ನೀರು ಸುರಿಯುತ್ತದೆ ಎಂದು ನಮ್ಮೂರಲ್ಲಿ ಆಗುವ ಜಗಳ ಎಲ್ಲರಿಗೂ ಗೊತ್ತು. ರಸ್ತೆಗೆ ಸುರಿಯುವ ಮೊದಲು ಆ ನೀರು ಇಳಿಯುವುದು ಬಾಡಿಯ ಸಂದುಗಳಿಗೆ. ಕರಗಿದ ಐಸ್, ಉಪ್ಪು, ಮೀನಿನ ರಸ. ಮೇಲಿಂದ ಪೇಂಟ್ ಹೊಡೆದು ಮಾರಿದ್ದರು. ಬೋಲ್ಟಿನ ಕೆಳಗೆ ಪೇಂಟ್, ಪೇಂಟಿನ ಕೆಳಗೆ ಪದರ ಪದರ ತುಕ್ಕು. ನನ್ನ ತಾಮ್ರದ ಲಗ್ ಮೇಲೆ ಹಸಿರು ಕಿಲುಬು.

ಅದು ಅರ್ಧ ಕಥೆ. ಇನ್ನರ್ಧ ನನಗೆ ಹೊಳೆದೇ ಇರಲಿಲ್ಲ. ಪಿಕಪ್‌ನ ಹಿಂದಿನ ಬಾಡಿಯನ್ನು ಚಾಸಿಸ್ ಮೇಲೆ ಬಿಗಿಯುವಾಗ ನಡುವೆ ರಬ್ಬರ್ ಅಥವಾ ಮರದ ಪಟ್ಟಿ ಕೊಟ್ಟಿರುತ್ತಾರೆ. ನನ್ನ ಗಾಡಿಯಲ್ಲಿ ಬಾಡಿಗೂ ಚಾಸಿಸ್‌ಗೂ ಸಂಬಂಧ ಬರೀ ನಾಲ್ಕು ಯು-ಬೋಲ್ಟುಗಳಿಂದ, ಅವೂ ತುಕ್ಕು. ಟೇಲ್ ಲೈಟಿಗೆ ಅಷ್ಟು ಅರ್ತ್ ಸಾಕು. 80 ಆಂಪ್‌ಗೆ ಸಾಲದು. ಶುರುವಿನ ಎರಡು ವಾರ ನಡೆದದ್ದೇ ಆಶ್ಚರ್ಯ, ಆಮೇಲೆ ಮಳೆನೀರು ಇಳಿದು ಉಳಿದದ್ದನ್ನೂ ಕೆಡಿಸಿತು.

ಬೋಲ್ಟ್ ಉಜ್ಜಿ ಮತ್ತೆ ಬಿಗಿದರೆ ಒಂದು ತಿಂಗಳು ನಡೆಯುತ್ತಿತ್ತೇನೋ. ಮಂಗಳೂರು, ಉಡುಪಿ ಕಡೆಯ ಮಳೆ ಮತ್ತು ಉಪ್ಪುಗಾಳಿಯಲ್ಲಿ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಇನ್ವರ್ಟರ್‌ವರೆಗೆ 35 ಸ್ಕ್ವೇರ್ ಕೇಬಲ್ ನೇರವಾಗಿ ಎಳೆದೆ. ಕಲಾಯಿ ಹಾಕಿದ ತಾಮ್ರದ ಲಗ್, ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿಸಿದ್ದು. ಸುತ್ತಿಗೆಯಲ್ಲಿ ಬಡಿದ ಲಗ್ ನೋಡಲು ಗಟ್ಟಿ, ಒಳಗೆ ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ, ಗಾಳಿ ಇದ್ದಲ್ಲಿ ಉಪ್ಪು ಹೋಗುತ್ತದೆ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ. ಕೇಬಲ್ ಚಾಸಿಸ್‌ನ ಅಂಚಿಗೆ ಉಜ್ಜದ ಹಾಗೆ ಇಡೀ ಉದ್ದಕ್ಕೆ ಫ್ಲೆಕ್ಸಿಬಲ್ ಪೈಪ್.

ಮತ್ತೆ ಅದೇ ಇಸ್ತ್ರಿ, ಅದೇ ಅಳತೆ. ಬ್ಯಾಟರಿಯಲ್ಲಿ 11.9, ಇನ್ವರ್ಟರ್‌ನಲ್ಲಿ 11.4. ಕೂಗಿಲ್ಲ. ಎಂಜಿನ್ ಆನ್ ಮಾಡಿ ಗ್ರೈಂಡರ್ ಒತ್ತಿದರೆ ಪ್ರತಿ ಸಲವೂ ಎದ್ದಿತು. ಎಂಜಿನ್ ಆಫ್ ಇಟ್ಟರೆ ಸ್ವಲ್ಪ ಹೊತ್ತಿನ ಮೇಲೆ ಕೂಗುತ್ತದೆ, ಅದು ನ್ಯಾಯವೇ.

ಇವತ್ತು ಹೊಸದಾಗಿ ಮಾಡುವುದಾದರೆ ಇನ್ವರ್ಟರನ್ನು ಟೂಲ್ ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಕ್ಯಾಬಿನ್ ಒಳಗೆ ಸೀಟಿನ ಹಿಂದೆ, ಗಾಳಿ ಆಡುವ ಜಾಗದಲ್ಲಿ ಇಡುತ್ತೇನೆ. 12 ವೋಲ್ಟಿನ ಕೇಬಲ್ ಗಿಡ್ಡ ಇರಲಿ, 230ರ ಎಕ್ಸ್‌ಟೆನ್ಶನ್ ಉದ್ದ ಇರಲಿ. ಎಕ್ಸ್‌ಟೆನ್ಶನ್‌ನಲ್ಲಿ ಹೋಗುವುದು 4 ಆಂಪ್, 15 ಮೀಟರ್ ಆದರೂ ಅಷ್ಟೇನೂ ಕಳೆಯುವುದಿಲ್ಲ.

ಕೇಬಲ್ ಗಾತ್ರದ ಬಗ್ಗೆ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದಕ್ಕೆ ಲೆಕ್ಕ ಕೊಡುತ್ತೇನೆ. ಹೋಗುವ 4 ಮೀಟರ್, ಬರುವ 4 ಮೀಟರ್, 100 ಆಂಪ್ ಹರಿಯುವಾಗ ತಾಮ್ರದ ಕೇಬಲ್‌ನಲ್ಲಿ ಬೀಳುವುದು ಹೀಗೆ: 10 ಸ್ಕ್ವೇರ್‌ನಲ್ಲಿ ಒಂದೂವರೆ ವೋಲ್ಟ್, 16ರಲ್ಲಿ ಸುಮಾರು 1, 25ರಲ್ಲಿ 0.6, 35ರಲ್ಲಿ 0.45ರ ಹತ್ತಿರ, 50ರಲ್ಲಿ 0.3. 1500 ವ್ಯಾಟ್ ಪೂರ್ತಿ ಎಳೆಯುವವರು 50ಕ್ಕಿಂತ ಕೆಳಗೆ ಹೋಗಬೇಡಿ, ಆಗ 150 ಆಂಪ್ ದಾಟುತ್ತದೆ. ಫ್ಯೂಸ್ ಕೇಬಲ್‌ಗೆ ತಕ್ಕದ್ದಾಗಿರಬೇಕು, ಇನ್ವರ್ಟರ್ ಡಬ್ಬದ ಮೇಲಿನ ಅಂಕಿಗೆ ಅಲ್ಲ. ಕೇಬಲ್ ಎಲ್ಲಾದರೂ ಉಜ್ಜಿ ಚಾಸಿಸ್‌ಗೆ ತಾಗಿದರೆ ಗಾಡಿಗೆ ಬೆಂಕಿ ಬೀಳದಂತೆ ತಡೆಯುವುದು ಆ ಫ್ಯೂಸ್ ಒಂದೇ. ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಅದು ಇರಬೇಕು.

ಅಗ್ಗದ ಕೇಬಲ್ ಸಿಕ್ಕಿದರೆ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಹೊದಿಸಿದ ಅಲ್ಯುಮಿನಿಯಂ. ಅದರಲ್ಲಿ ಬೀಳುವ ವೋಲ್ಟ್ ಸುಮಾರು ಒಂದೂವರೆ ಪಟ್ಟು ಜಾಸ್ತಿ.

ಅಳತೆ ಬೇರೆ ಏನಾದರೂ ಹೇಳಿದರೆ

ಬ್ಯಾಟರಿಯ ಗೂಟದಲ್ಲೇ ಇಸ್ತ್ರಿ ಹಾಕಿದ ಕೂಡಲೇ 11ಕ್ಕಿಂತ ಕೆಳಗೆ ಬಿದ್ದರೆ ಕೇಬಲ್ ತಪ್ಪಲ್ಲ. ಬ್ಯಾಟರಿ ಚಾರ್ಜ್ ಇಲ್ಲ, ಇಲ್ಲವೇ ಮುದಿಯಾಗಿದೆ. ರಾತ್ರಿ ಸುಮ್ನೆ ನಿಂತ ಮೇಲೆ 12.6 ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಪೂರ್ತಿ ಚಾರ್ಜ್ ಇದ್ದೂ ಸ್ಟಾರ್ಟ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಆಗ ಹೊಸ ಬ್ಯಾಟರಿಗೆ ಹೋಗಿ. ಎಂಜಿನ್ ಆನ್ ಇದ್ದಾಗ 13.8ರಿಂದ 14.4ರ ನಡುವೆ ಬರಬೇಕು, ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಕರೆಂಟ್ ಕೊಡುವುದಿಲ್ಲ, ಹಾಗಾಗಿ ಒಂದೇ ಸಮನೆ ಕತ್ತರಿಸುವ ಕೆಲಸ ಇದ್ದರೆ ಆಕ್ಸಿಲರೇಟರ್ ಸ್ವಲ್ಪ ಏರಿಸಿಡಬೇಕು. ಗಾಡಿಯ ಬ್ಯಾಟರಿ ಸ್ಟಾರ್ಟ್ ಮಾಡಲೆಂದು ಮಾಡಿದ್ದು. ಎಂಜಿನ್ ಆಫ್ ಇಟ್ಟು 65 ಆಂಪ್-ಅವರ್ ಬ್ಯಾಟರಿಯಲ್ಲಿ ಗ್ರೈಂಡರ್ ಇಪ್ಪತ್ತು ನಿಮಿಷ ನಡೆಸಿದರೆ ಅರ್ಧ ಖಾಲಿ. ಹೀಗೆ ದಿನಾ ಮಾಡಿದರೆ ಅದು ಬೇಗ ಸಾಯುತ್ತದೆ.

ಇನ್ವರ್ಟರ್‌ನಲ್ಲಿ ವೋಲ್ಟ್ ಸರಿಯಿದೆ, ಆದರೂ ಓವರ್‌ಲೋಡ್ ತೋರಿಸುತ್ತದೆ ಅಂದರೆ ಡಬ್ಬ ತಿರುಗಿಸಿ ಓದಿ. ಮುಂದೆ ದಪ್ಪ ಅಕ್ಷರದಲ್ಲಿ ಬರೆದದ್ದು ಹಲವು ಸಲ ಕ್ಷಣಕಾಲದ ಶಕ್ತಿ, ನಿರಂತರ ಕೊಡುವುದು ಅದರ ಅರ್ಧ. ಸಾಣೆಚಕ್ರದ 14 ಇಂಚಿನ ಕಟ್ಟಿಂಗ್ ಮಷೀನ್ 2000 ವ್ಯಾಟ್‌ನ ಮೇಲಿನದ್ದು, ಅದನ್ನು ಇದರಲ್ಲಿ ಹಾಕುವ ಆಸೆ ಬಿಡಿ. ವೆಲ್ಡಿಂಗ್ ಮಷೀನಿನ ಮಾತೇ ಬೇಡ.

ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದವರು ಔಟ್‌ಪುಟ್ ಅಳೆದು 180 ಬಂತೆಂದು ಗಾಬರಿಯಾಗುತ್ತಾರೆ. ಸಾಧಾರಣ ಮೀಟರ್ ಆ ಅಲೆಯನ್ನು ತಪ್ಪಾಗಿ ಓದುತ್ತದೆ, ಟ್ರೂ ಆರ್‌ಎಂಎಸ್ ಮೀಟರ್‌ನಲ್ಲಿ ಸರಿ ಬರುತ್ತದೆ. ಬ್ರಶ್ ಇರುವ ಗ್ರೈಂಡರ್, ಡ್ರಿಲ್ ಅದರಲ್ಲೂ ತಿರುಗುತ್ತವೆ. ಸ್ಪೀಡ್ ಕಂಟ್ರೋಲ್ ಇರುವ ಡ್ರಿಲ್ ತಕರಾರು ಮಾಡಬಹುದು, ಕೆಲವು ಬ್ಯಾಟರಿ ಡ್ರಿಲ್‌ಗಳ ಚಾರ್ಜರ್ ಸುಟ್ಟುಹೋಗುವುದೂ ಉಂಟು. ಇಂಡಕ್ಷನ್ ಮೋಟಾರಿನ ಪಂಪ್ ಗುಂಯ್ ಎಂದು ಬಿಸಿಯಾಗುತ್ತದೆ.

ದೊಡ್ಡ ಲಾರಿಯವರಿಗೆ ಬೇರೆ ಎಚ್ಚರಿಕೆ. ಅಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. 12ರ ಇನ್ವರ್ಟರನ್ನು ಅದಕ್ಕೆ ನೇರ ಕೊಟ್ಟರೆ ಹೈ ವೋಲ್ಟೇಜ್ ದೀಪ ಬರುತ್ತದೆ, ಇಲ್ಲವೇ ಒಮ್ಮೆ ಹೊಗೆ ಬರುತ್ತದೆ. ಕೆಲವರು ಜಾಣತನದಿಂದ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ತೆಗೆಯುತ್ತಾರೆ. ನಡೆಯುತ್ತದೆ, ಆದರೆ ಆ ಬ್ಯಾಟರಿ ಖಾಲಿ, ಇನ್ನೊಂದಕ್ಕೆ ಅತಿ ಚಾರ್ಜ್, ಕೊನೆಗೆ ಎರಡೂ ಹಾಳು. 24ರ ಇನ್ವರ್ಟರನ್ನೇ ಕೊಳ್ಳಿ. ಕರೆಂಟೂ ಅರ್ಧಕ್ಕೆ ಇಳಿಯುತ್ತದೆ.

ಬ್ಯಾಟರಿ ಮುಟ್ಟುವ ಮೊದಲು ಇನ್ವರ್ಟರ್ ಆಫ್ ಮಾಡಿ, ಉಂಗುರ, ವಾಚ್ ತೆಗೆದಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಕೊನೆಯ ತುದಿ ತಾಗಿಸುವಾಗ ಒಂದು ಕಿಡಿ ಹಾರುತ್ತದೆ, ಇನ್ವರ್ಟರ್ ಒಳಗಿನ ಕೆಪಾಸಿಟರ್ ತುಂಬುವುದು ಅದು, ಹೆದರಬೇಡಿ. ಅದಕ್ಕೇ ಆ ಕೊನೆಯ ತುದಿ ಇನ್ವರ್ಟರ್ ಕಡೆಯದ್ದಾಗಿರಲಿ, ಬ್ಯಾಟರಿಯ ಗ್ಯಾಸ್ ಹತ್ತಿರ ಬೇಡ. ಪ್ಲಸ್ ಮೈನಸ್ ಅದಲು ಬದಲಾದರೆ ಮಾತ್ರ ಕಿಡಿಗೆ ನಿಲ್ಲುವುದಿಲ್ಲ, ಒಳಗಿನ ಫ್ಯೂಸುಗಳು ಹೋಗುತ್ತವೆ. ಹೊರಗೆ ಬರುವ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಅಪಾಯದ್ದು, ಒದ್ದೆ ಡೆಕ್ ಮೇಲೆ ನಿಂತು ಮಳೆಯಲ್ಲಿ ಗ್ರೈಂಡರ್ ಹಿಡಿಯಬೇಡಿ.

ಇನ್ನೊಂದು ದೋಷ ನನಗೆ ಮೊನ್ನೆ ಬಂತು. ಅರ್ಧ ಗಂಟೆ ನಡೆದು ಇನ್ವರ್ಟರ್ ಆಫ್, ಹದಿನೈದು ನಿಮಿಷ ಬಿಟ್ಟರೆ ಮತ್ತೆ ಆನ್. ವೋಲ್ಟ್ ಎಲ್ಲ ಸರಿ. ಬಿಸಿಯ ಟ್ರಿಪ್ ಇದು. ಫ್ಯಾನಿನ ಜಾಲಿ ನೋಡಿದರೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಆಯಸ್ಕಾಂತ ಹಿಡಿದೆ, ಅಂಟಿತು. ನನ್ನದೇ ಗ್ರೈಂಡರ್ ಹಾರಿಸಿದ ಕಬ್ಬಿಣದ ಪುಡಿಯನ್ನು ನನ್ನದೇ ಇನ್ವರ್ಟರ್ ಉಸಿರಾಡುತ್ತಿತ್ತು. ಅದು ಒಳಗೆ ಸರ್ಕ್ಯೂಟ್ ಮೇಲೆ ಕೂತು ಉಪ್ಪುಗಾಳಿಯ ತೇವ ಸೇರಿದರೆ ಶಾರ್ಟ್ ಆಗಲು ತಡವಿಲ್ಲ. ಬ್ಲೋವರ್‌ನಲ್ಲಿ ಹೊರಗಿನಿಂದ ಊದಿದರೆ ಪುಡಿ ಒಳಗೇ ಹೋಗುತ್ತದೆ, ಹಾಗಾಗಿ ವ್ಯಾಕ್ಯೂಮ್‌ನಲ್ಲಿ ಎಳೆಸಿದೆ. ಈಗ ಗಾಡಿ ನಿಲ್ಲಿಸುವ ಮೊದಲು ಗಾಳಿ ಯಾವ ಕಡೆಗೆ ಎಂದು ನೋಡುತ್ತೇನೆ, ಟೂಲ್ ಪೆಟ್ಟಿಗೆಯ ಬಾಯಿ ಕಿಡಿಗೆ ಬೆನ್ನು ಹಾಕಿರಬೇಕು.